ಬಾಕ್ಸ್ ಲೆಕ್ಕ ನಿಮ್ಮಲ್ಲಿದೆ, ಹೊಲಿಗೆ ಲೆಕ್ಕ ನಮ್ಮಲ್ಲಿದೆ: ಅಬಕಾರಿ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಬಕಾರಿ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಪ್ರತಿ: ಮಾನ್ಯ ಆರೋಗ್ಯ ಸಚಿವರಿಗೆ

ವಿಷಯ: ಕುಡಿತದ ಗಲಾಟೆಯಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರ ಲೆಕ್ಕ ಇಡುವ ಬಗ್ಗೆ, ಮತ್ತು ಹುಡುಗರ ಕೈಗೆ ಮದ್ಯ ಸಿಗುತ್ತಿರುವ ರೀತಿಯ ಬಗ್ಗೆ.

ಮಾನ್ಯರೇ,

ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಕಾಗದದ ಮೇಲೆ ಶುಶ್ರೂಷಾಧಿಕಾರಿ, ಊರಿನವರ ಬಾಯಲ್ಲಿ ಸಿಸ್ಟರ್. ಹದಿನಾಲ್ಕು ವರ್ಷದ ಸರ್ವಿಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದದ್ದು ಕ್ಯಾಶುವಾಲ್ಟಿಯಲ್ಲಿ, ಅದರಲ್ಲೂ ನೈಟ್ ಡ್ಯೂಟಿಯಲ್ಲಿ. ಸರ್ಕಾರಿ ನೌಕರಳಾದ್ದರಿಂದ ಹೆಸರು ಹಾಕಿಲ್ಲ, ಊರನ್ನೂ ಬರೆದಿಲ್ಲ. ಕ್ಷಮಿಸಬೇಕು. ನಾನು ಹೇಳುವುದು ನಿಜವೋ ಅಲ್ಲವೋ ಅಂತ ನೋಡಬೇಕು ಅನ್ನಿಸಿದರೆ, ತಾವು ಯಾವ ತಾಲ್ಲೂಕು ಆಸ್ಪತ್ರೆಗಾದರೂ ಒಂದು ಭಾನುವಾರ ರಾತ್ರಿ ಹತ್ತರ ಮೇಲೆ ಹೇಳದೆ ಕೇಳದೆ ಬಂದು ಕೂರಬಹುದು. ಬೆಂಚು ಖಾಲಿ ಇರುವುದಿಲ್ಲ, ಅಷ್ಟೇ.

ಮೊದಲು ಒಂದು ರಾತ್ರಿಯ ಸಂಗತಿ ಹೇಳಿಬಿಡುತ್ತೇನೆ. ಯುಗಾದಿಯ ಮಾರನೇ ದಿನ, ಹೊಸತೊಡಕು. ನಮ್ಮ ಕಡೆ ಅವತ್ತು ಮನೆಮನೆಯಲ್ಲೂ ಬಾಡೂಟ, ಅರಳಿಕಟ್ಟೆಯಲ್ಲಿ ಇಸ್ಪೀಟು, ಹೊತ್ತು ಇಳಿದ ಮೇಲೆ ಎಣ್ಣೆ. ಅವತ್ತು ನೈಟ್ ಡ್ಯೂಟಿ ಬಿದ್ದವರಿಗೆ ಉಳಿದವರು ಅಯ್ಯೋ ಪಾಪ ಅನ್ನುತ್ತಾರೆ. ರಾತ್ರಿ 1:40ಕ್ಕೆ ಒಂದು ಗೂಡ್ಸ್ ಆಟೊ ಬಂದು ನಿಂತಿತು. ಹಿಂದೆ ಇಬ್ಬರು ಹುಡುಗರು. ಒಬ್ಬನಿಗೆ ಹತ್ತೊಂಬತ್ತು, ಇನ್ನೊಬ್ಬನಿಗೆ ಇಪ್ಪತ್ತು. ಚಿಕ್ಕವನ ತಲೆಗೆ ಸುತ್ತಿದ್ದ ಟವೆಲ್ ನೆನೆದು ಹೋಗಿತ್ತು. ಇನ್ನೊಬ್ಬ ಅವನನ್ನು ತಬ್ಬಿ ಹಿಡಿದು, "ಸಿಸ್ಟರ್, ಬೇಗ ನೋಡಿ ಸಿಸ್ಟರ್, ನನ್ ಫ್ರೆಂಡು" ಅಂತ ಅಳುತ್ತಿದ್ದ. ಅಳುವವನ ಬಲಗೈಯಿಂದಲೂ ರಕ್ತ ತೊಟ್ಟಿಕ್ಕುತ್ತಿತ್ತು. ಬಾಟಲಿಯ ಕತ್ತು ಹಿಡಿದು ಹೊಡೆದರೆ ಗಾಜು ಒಡೆದು ಹೊಡೆದವನ ಅಂಗೈಯನ್ನೂ ಕುಯ್ಯುತ್ತದೆ. ಹೊಡೆದವನೂ ಅವನೇ, ಹೊತ್ತು ತಂದವನೂ ಅವನೇ.

ಡಾಕ್ಟರು ತಲೆಗೆ ಒಂಬತ್ತು ಹೊಲಿಗೆ ಹಾಕಿದರು, ಕೈಗೆ ನಾಲ್ಕು. ಹೊಲಿಯುವಾಗ ಟ್ರೇ ಹಿಡಿದು ನಿಂತವಳು ನಾನು. ಜಗಳ ಯಾಕೆ ಬಂತು ಅಂತ ಆಗಲೇ ಗೊತ್ತಾಗಿದ್ದು. ತಲೆ ಒಡೆಸಿಕೊಂಡವನು ಗೆಳೆಯನ ಬೈಕ್ ಕೀ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. "ಜಾಸ್ತಿ ಆಗಿದೆ ಕಣೋ, ಗಾಡಿ ಮುಟ್ಟಬೇಡ" ಅಂದಿದ್ದ. ಪೋಸ್ಟರ್ ಅಂಟಿಸಿ ನಾವೆಲ್ಲ ಹೇಳುವುದನ್ನೇ ಆ ಹುಡುಗ ಮಾಡಿದ್ದ. ಅದೂ ತಾನೇ ತೂರಾಡುತ್ತಿದ್ದಾಗ. ಅದಕ್ಕೆ ಸಿಕ್ಕಿದ್ದು ಬಾಟಲಿ ಏಟು.

ಬೆಳಗ್ಗೆ ಎಚ್ಚರ ಆದಾಗ ಅವನು ಕೇಳಿದ, "ಸಿಸ್ಟರ್, ನಂಗೆ ಹೊಡೆದಿದ್ದು ಯಾರು?" ಹೊರಗೆ ಬೆಂಚಿನ ಮೇಲೆ ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ಇಡ್ಲಿ ಪಾರ್ಸೆಲ್ ಇಟ್ಟುಕೊಂಡು ಆ ಇನ್ನೊಬ್ಬ ಕೂತಿದ್ದ. ನಾನು ಏನೂ ಹೇಳಲಿಲ್ಲ. ಡ್ಯೂಟಿ ಹ್ಯಾಂಡೋವರ್ ಮಾಡಿ ಮನೆಗೆ ಹೋದೆ.

ಸಚಿವರೇ, ಆ ಇಬ್ಬರೂ ರೌಡಿಗಳಲ್ಲ. ಒಬ್ಬ ಐಟಿಐ ಮುಗಿಸಿದವನು, ಇನ್ನೊಬ್ಬ ಅಪ್ಪನ ಜೊತೆ ರೇಷ್ಮೆ ಸಾಕುವವನು. ನಮ್ಮಲ್ಲಿಗೆ ಬರುವವರು ಬಹುಪಾಲು ಹೀಗೆಯೇ. ಬೀಗರ ಊಟ, ಗಣಪತಿ ಬಿಡುವ ದಿನ, ಊರ ಹಬ್ಬ, ಹೊಸ ವರ್ಷದ ರಾತ್ರಿ. ಡಿಜೆಯಲ್ಲಿ ಯಾವ ಹಾಡು ಹಾಕಬೇಕು, ಫ್ಲೆಕ್ಸ್‌ನಲ್ಲಿ ಯಾರ ಫೋಟೊ ಚಿಕ್ಕದಾಯಿತು, ಯಾರು ಯಾರನ್ನು ಗುರಾಯಿಸಿದರು, ಇಷ್ಟೇ ಕಾರಣ. ಬೆಳಗ್ಗೆ ಕೇಳಿದರೆ ಇಬ್ಬರಿಗೂ ನಾಚಿಕೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಡೆದಾಟ, ಅಪಘಾತ, ವಿಷ, ಸುಟ್ಟ ಗಾಯ ಅಂತ ಯಾರೇ ಬಂದರೂ ನಾವು ಎಂಎಲ್‌ಸಿ (ವೈದ್ಯ-ಕಾನೂನು ಪ್ರಕರಣ) ರಿಜಿಸ್ಟರಿನಲ್ಲಿ ಬರೆದು ಪೊಲೀಸ್ ಠಾಣೆಗೆ ತಿಳಿಸಬೇಕು. ನಮ್ಮ ರಿಜಿಸ್ಟರಿನಲ್ಲಿ ಮದ್ಯದ ವಾಸನೆ ಇದೆಯೋ ಇಲ್ಲವೋ ಅಂತಲೂ ಬರೆಯುತ್ತೇವೆ. ಆ ಇಬ್ಬರು ಹುಡುಗರ ಮುಂದೆ "ಇದೆ" ಅಂತ ಬರೆದೆವು. ಅಲ್ಲಿಗೆ ಮುಗಿಯಿತು. ಎಲ್ಲಿ ಕೊಂಡರು, ಎಷ್ಟು ಹೊತ್ತಿಗೆ ಕೊಂಡರು, ಎಲ್ಲಿ ಕೂತು ಕುಡಿದರು, ವಯಸ್ಸು ನೋಡದೆ ಕೊಟ್ಟವರು ಯಾರು, ಇದನ್ನು ಕೇಳುವ ಜಾಗವೇ ಆ ಪುಟದಲ್ಲಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಅದೇ ವಾರ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ನಾಲ್ಕು ವಯಸ್ಸು, ಸೊಂಟದ ಮೇಲೆ ಎರಡು ವರ್ಷದ ಮಗು, ಜೊತೆಗೆ ಅತ್ತೆ. "ಬಚ್ಚಲುಮನೇಲಿ ಜಾರಿಬಿದ್ದೆ" ಅಂದಳು. ಜಾರಿಬಿದ್ದವರಿಗೆ ಅಂಗೈ ತರಚುತ್ತದೆ, ಮಂಡಿಗೆ ಪೆಟ್ಟಾಗುತ್ತದೆ. ಅವಳಿಗೆ ಬಾಸುಂಡೆ ಬಂದಿದ್ದು ಮುಂಗೈಯ ಹೊರಮೈಯಲ್ಲಿ, ಎರಡೂ ಕೈಗೆ. ಮುಖಕ್ಕೆ ಬೀಳುವ ಏಟಿಗೆ ಕೈ ಅಡ್ಡ ಹಿಡಿದವರಿಗೆ ಅಲ್ಲಿ ಬಾಸುಂಡೆ ಬರುತ್ತದೆ. ಅತ್ತೆಯನ್ನು ಚೀಟಿ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿ, ಮೆಲ್ಲಗೆ ಕೇಳಿದೆ. "ಕುಡೀದೇ ಇದ್ದಾಗ ಒಳ್ಳೇವ್ರೇ ಸಿಸ್ಟರ್" ಅಂದಳು. ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ, ಲೆಕ್ಕವಿಲ್ಲ. ಪೊಲೀಸರಿಗೆ ಮಾತ್ರ ಹೇಳಬೇಡಿ ಅಂತ ಕೈ ಹಿಡಿದುಕೊಂಡಳು.

ಅವಳ ಕಾಗದದಲ್ಲಿ ಏನಿದೆ ಗೊತ್ತಾ? ಗಾಯದ ಕಾರಣ: ಜಾರಿಬಿದ್ದದ್ದು. ಮದ್ಯದ ವಾಸನೆ: ಇಲ್ಲ. ನಾವು ಮೂಸುವುದು ಗಾಯಗೊಂಡವರ ಬಾಯನ್ನು. ಹೊಡೆದವನ ಬಾಯನ್ನಲ್ಲ. ಹೀಗಾಗಿ ಕುಡಿತದಿಂದ ಆದ ಗಾಯ ಕಾಗದದ ಮೇಲೆ ಕುಡಿತವೇ ಇಲ್ಲದ ಗಾಯ ಆಗಿಬಿಡುತ್ತದೆ. ಬೈಕ್ ಕೀ ಕಿತ್ತಿಟ್ಟುಕೊಂಡ ಹುಡುಗನ ಮುಂದೆ "ಇದೆ" ಅಂತ ಬರೆದದ್ದರಿಂದ ಅವನೇ ಕುಡಿದು ಗಲಾಟೆ ಮಾಡಿದವನ ಹಾಗೆ ಕಾಣುತ್ತಾನೆ. ಈ ಹೆಣ್ಣುಮಗಳ ಮುಂದೆ "ಇಲ್ಲ" ಅಂತ ಬರೆದದ್ದರಿಂದ ಅವಳ ಗಂಡ ಎಲ್ಲಿಯೂ ಕಾಣುವುದೇ ಇಲ್ಲ.

ಇದು ನಮ್ಮ ಒಂದು ಆಸ್ಪತ್ರೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಅಂದಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಇಡೀ ದೇಶದ ಲೆಕ್ಕ ನೋಡಿದರೆ, ಗಂಡ ಆಗಾಗ ಕುಡಿದು ಬರುವ ಮನೆಗಳಲ್ಲಿ ಶೇ 70ರಷ್ಟು ಹೆಂಗಸರು ಏಟು ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಅದು ಶೇ 23. ಕುಡಿಯದವನೂ ಹೊಡೆಯುತ್ತಾನೆ, ನಿಜ. ಕುಡಿತವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ 23ಕ್ಕೂ 70ಕ್ಕೂ ಇರುವ ಅಂತರ ಸಣ್ಣದಲ್ಲ ಅಲ್ವಾ?

ಈಗ ತಮ್ಮ ಇಲಾಖೆಯ ಲೆಕ್ಕ ನೋಡೋಣ. 2003ರಿಂದ ರಾಜ್ಯದ ಅಂಗಡಿ, ಬಾರುಗಳಿಗೆಲ್ಲ ಮದ್ಯ ಹೋಗುವುದು ಸರ್ಕಾರದ್ದೇ ಪಾನೀಯ ನಿಗಮದ ಡಿಪೋಗಳಿಂದ. ಯಾವ ಅಂಗಡಿ ಯಾವ ದಿನ ಎಷ್ಟು ಬಾಕ್ಸ್ ಎತ್ತಿತು ಅಂತ ತಮಗೆ ಕೂತಲ್ಲೇ ಗೊತ್ತಾಗುತ್ತದೆ. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ತರಬೇಕು ಅಂತ ಗುರಿ ಇಟ್ಟುಕೊಂಡಿದ್ದಿರಿ. ಗುರಿ ಇದೆ, ತಿಂಗಳ ಲೆಕ್ಕ ಇದೆ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನುವ ಹೋಲಿಕೆ ಇದೆ. ಒಂದು ಬಾಕ್ಸ್ ಮದ್ಯದ ಬಗ್ಗೆ ಇಷ್ಟು ಅಚ್ಚುಕಟ್ಟಾಗಿ ತಿಳಿದಿರುವ ಸರ್ಕಾರಕ್ಕೆ, ಆ ಬಾಕ್ಸ್ ಖಾಲಿಯಾದ ರಾತ್ರಿ ಅದೇ ತಾಲ್ಲೂಕಿನಲ್ಲಿ ಎಷ್ಟು ಹೊಲಿಗೆ ಬಿತ್ತು ಅನ್ನುವುದು ಮಾತ್ರ ತಿಳಿಯದು. ಹೊಲಿಗೆಯ ಲೆಕ್ಕ ನಮ್ಮ ರಿಜಿಸ್ಟರಿನಲ್ಲಿ ಬಿದ್ದಿದೆ. ರಿಜಿಸ್ಟರ್ ತುಂಬಿದ ಮೇಲೆ ರೆಕಾರ್ಡ್ ರೂಮಿಗೆ ಹೋಗುತ್ತದೆ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಅದರ ಧೂಳು ಕೊಡವುತ್ತೇವೆ.

ಮದ್ಯ ನಿಷೇಧ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಬಂದು ಅದನ್ನು ಕೇಳಿದರು. ಅವರ ಕಾಲಿನ ಬೊಬ್ಬೆಗೆ ನನ್ನ ನಮಸ್ಕಾರ. ಆದರೆ ನಾನು ಕಂಡದ್ದು ಬೇರೆ. 2007ರ ಜುಲೈನಲ್ಲಿ ಸಾರಾಯಿ ನಿಂತಿತು. ನಮ್ಮೂರಲ್ಲಿ ಸಾರಾಯಿ ಕುಡಿಯುತ್ತಿದ್ದವರು ಕುಡಿತ ಬಿಡಲಿಲ್ಲ, ಅಗ್ಗದ ವಿಸ್ಕಿಗೆ ಬಂದರು. 2020ರ ಲಾಕ್‌ಡೌನ್‌ನಲ್ಲಿ ಒಂದು ತಿಂಗಳ ಮೇಲೆ ಅಂಗಡಿ ಮುಚ್ಚಿದ್ದವು. ಮೊದಲ ವಾರದಲ್ಲೇ ಕೈ ನಡುಗುವವರು, ಫಿಟ್ಸ್ ಬಂದವರು, ಗೋಡೆ ಮೇಲೆ ಹಾವು ಹರಿದಾಡುತ್ತಿದೆ ಅಂತ ಕಿರುಚುವವರು ನಮ್ಮ ವಾರ್ಡಿಗೆ ಬಂದರು. ದಿನಾ ಕುಡಿಯುವ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಜೀವವೂ ಹೋಗಬಹುದು. ಮೇ 4ಕ್ಕೆ ಅಂಗಡಿ ತೆರೆದಾಗ ಬೆಳಗಿನ ಜಾವದಿಂದ ಕ್ಯೂ. ಆಸ್ಪತ್ರೆ ಕಿಟಕಿಯಿಂದಲೇ ಕಾಣುತ್ತಿತ್ತು. ಹಾಗಾಗಿ ಬೀಗ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಹಾಗಂತ, 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಶಾಸಕರೊಬ್ಬರು ಗಂಡಸರಿಗೆ ವಾರಕ್ಕೆರಡು ಬಾಟಲಿ ಪುಕ್ಕಟೆ ಕೊಡಿ ಅಂದಾಗ ಸದನ ನಕ್ಕಿತಲ್ಲ, ಆ ನಗು ನನಗೆ ಬರಲಿಲ್ಲ.

ನನ್ನ ತಕರಾರು ಇರುವುದು ನಮ್ಮ ಹುಡುಗರು ಕುಡಿಯುವ ರೀತಿಯ ಬಗ್ಗೆ. ಆ ರೀತಿಯನ್ನು ಅವರಿಗೆ ಕಲಿಸಿದ್ದರಲ್ಲಿ ಕಾನೂನಿನ ಪಾಲೂ ಇದೆ.

ಬಸ್‌ಸ್ಟ್ಯಾಂಡ್ ಹಿಂದಿನ ಬ್ರಾಂದಿ ಅಂಗಡಿಯ ಮುಂದೆ ಸಂಜೆ ಏಳಕ್ಕೆ ನಿಂತು ನೋಡಿ. ನಾನು ಡ್ಯೂಟಿಗೆ ಹೋಗುವ ದಾರಿಯೇ ಅದು. ಹುಡುಗ ಬರುತ್ತಾನೆ. ಹೆಲ್ಮೆಟ್ ಇಲ್ಲ, ಬೈಕ್ ಆಫ್ ಮಾಡುವುದೂ ಇಲ್ಲ. ಒಂದು ನೈಂಟಿ, ಅಂದರೆ 90 ಎಂಎಲ್ ಮದ್ಯದ ಟೆಟ್ರಾ ಪ್ಯಾಕು. ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಒಂದು ಉಪ್ಪಿನಕಾಯಿ ಸ್ಯಾಷೆ. ಆ ಅಂಗಡಿಯ ಲೈಸೆನ್ಸಿನಲ್ಲಿ ಪಾರ್ಸೆಲ್ ಮಾತ್ರ, ಕೂರುವ ಹಾಗಿಲ್ಲ. ರಸ್ತೆಯಲ್ಲಿ ಕುಡಿದರೆ ಅಬಕಾರಿ ಕಾಯ್ದೆಯ 15(ಎ) ಕೇಸು. ಮನೆಗೆ ಒಯ್ದರೆ ಅಮ್ಮ. ಬಾರಿನಲ್ಲಿ ಕೂರಲು ಜೇಬಿನಲ್ಲಿ ಅಷ್ಟು ದುಡ್ಡಿಲ್ಲ. ಹಾಗಾದರೆ ಎಲ್ಲಿ ಕುಡಿಯುತ್ತಾನೆ? ಟ್ರಾನ್ಸ್‌ಫಾರ್ಮರ್ ಮರೆಯಲ್ಲಿ, ಕೆರೆ ಏರಿ ಮೇಲೆ, ಶಾಲೆಯ ಜಗುಲಿಯಲ್ಲಿ. ಯಾರಾದರೂ ಬಂದುಬಿಟ್ಟರೆ ಅನ್ನುವ ಹೆದರಿಕೆಯಲ್ಲಿ, ನಿಂತುಕೊಂಡು, ಖಾಲಿ ಹೊಟ್ಟೆಯಲ್ಲಿ, ಎರಡೇ ಗುಟುಕಿಗೆ. ಆಮೇಲೆ ಇನ್ನೊಂದು ನೈಂಟಿ. ಹತ್ತು ನಿಮಿಷದಲ್ಲಿ ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಒಳಗೆ ಹೋಗಿರುತ್ತದೆ. ಕಿಕ್ ಇನ್ನೂ ಏರಿರುವುದಿಲ್ಲ. ಬೈಕ್ ಹತ್ತುತ್ತಾನೆ. ಊರು ಮುಟ್ಟುವ ಹೊತ್ತಿಗೆ ಏರುತ್ತದೆ.

ನಮ್ಮ ತಾತನ ಕಾಲದಲ್ಲಿ ಹೆಂಡ ಕುಡಿಯುತ್ತಿದ್ದರು. ಅವರೂ ಸಾಧುಗಳಲ್ಲ, ಅಜ್ಜಿ ತಿಂದ ಏಟಿನ ಕಥೆ ನನಗೂ ಗೊತ್ತು. ಆದರೆ ಈ ಹತ್ತು ನಿಮಿಷದ ಕುಡಿತ ಹೊಸದು. ಇದು ರುಚಿಗಲ್ಲ, ಮಾತುಕತೆಗೂ ಅಲ್ಲ, ಸುಮ್ನೆ ಬೇಗ ಏರಿಸಿಕೊಳ್ಳಲು. ಬೇಗ ಏರಿದವನೇ ಬೇಗ ಕೈ ಎತ್ತುವುದು. ಇದನ್ನು ನಾನು ದಿನಾ ನೋಡುತ್ತೇನೆ.

ಇನ್ನು ಹುಡುಗರ ಲೆಕ್ಕ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಬೈಕಿನಿಂದ ಬಿದ್ದು ಕಾಲರ್ ಮೂಳೆ ಮುರಿದುಕೊಂಡವನು, "ನಾನು ಕುಡಿದಿಲ್ಲ ಸಿಸ್ಟರ್, ಬರೀ ಬಿಯರ್" ಅಂದ. ಎಷ್ಟು ಅಂದೆ. ಎರಡು ಅಂದ. 650 ಎಂಎಲ್ ಬಾಟಲಿ, ಸ್ಟ್ರಾಂಗ್. 30 ಎಂಎಲ್ ವಿಸ್ಕಿಯಲ್ಲಿ, ಅಂದರೆ ಒಂದು ಸಣ್ಣ ಪೆಗ್ಗಿನಲ್ಲಿ, ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಲ್ಲಿ 40 ಗ್ರಾಂ. ಅವನು ಕುಡಿದದ್ದು ಎಂಟು ಸಣ್ಣ ಪೆಗ್ಗಿಗೆ ಸಮ. ಕ್ವಾರ್ಟರ್‌ಗಿಂತಲೂ ಜಾಸ್ತಿ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಬಾಟಲಿಯ ಮೇಲೆ ಹಾನಿಕರ ಅಂತ ಸಣ್ಣಕ್ಷರದಲ್ಲಿ ಇದೆ. ಎಷ್ಟು ಪೆಗ್ಗಿಗೆ ಸಮ ಅಂತ ಇಲ್ಲ. ಕಂಪನಿಗಳು ಜವಾಬ್ದಾರಿಯಿಂದ ಕುಡಿಯಿರಿ ಅನ್ನುತ್ತವೆ. ಎಷ್ಟು ಅಂತಲೇ ಗೊತ್ತಿಲ್ಲದವನು ಜವಾಬ್ದಾರಿಯನ್ನು ಯಾವ ಲೋಟದಲ್ಲಿ ಅಳೆಯಬೇಕು?

ಈಗ ನನ್ನ ಕೋರಿಕೆಗಳು. ಮೊದಲನೆಯದೇ ದೊಡ್ಡದು, ಆದರೆ ಅದಕ್ಕೆ ದುಡ್ಡು ಬೇಕಿಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಕಾರ್ಡಿಫ್ ಅಂತ ಒಂದು ನಗರ. ಅಲ್ಲಿ ಜೋನಾಥನ್ ಶೆಫರ್ಡ್ ಅನ್ನುವ ಸರ್ಜನ್, ಮುರಿದ ದವಡೆ, ಸೀಳಿದ ಮುಖ ಸರಿಮಾಡುವುದೇ ಅವರ ಕೆಲಸ. ತಮ್ಮ ಬಳಿ ಬರುವ ಎಷ್ಟೋ ಹೊಡೆದಾಟಗಳು ಪೊಲೀಸರ ಲೆಕ್ಕದಲ್ಲಿ ಇಲ್ಲವೇ ಇಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಆಮೇಲೆ ಗಾಯಾಳು ಬಂದ ಕೂಡಲೇ ಎಲ್ಲಿ ಆಯಿತು, ಯಾವಾಗ ಆಯಿತು, ಯಾವುದರಿಂದ ಹೊಡೆದರು ಅಂತ ಕೇಳಿ ಬರೆದುಕೊಳ್ಳುವ ಏರ್ಪಾಡಾಯಿತು. ಹೆಸರು ತೆಗೆದು, ಬರೀ ಜಾಗ ಹೊತ್ತು ಆಯುಧದ ವಿವರ ಪೊಲೀಸರಿಗೂ ನಗರಾಡಳಿತಕ್ಕೂ ಹೋಯಿತು. ಗಲಾಟೆ ಎಲ್ಲಿ ಜಾಸ್ತಿಯೋ ಅಲ್ಲಿಗೆ ಗಸ್ತು, ಯಾವ ಬಾರಿನ ಸುತ್ತ ಜಾಸ್ತಿಯೋ ಅದರ ಮಾಲೀಕನಿಗೆ ಬುಲಾವು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಅದೇ ತರಹದ ಬೇರೆ ನಗರಗಳಿಗೆ ಹೋಲಿಸಿದರೆ ಕಾರ್ಡಿಫ್‌ನಲ್ಲಿ ಹಲ್ಲೆಯಿಂದ ಆಸ್ಪತ್ರೆಗೆ ದಾಖಲಾಗುವವರು ಶೇ 42ರಷ್ಟು ಕಡಿಮೆ ಆದರು. ಇದಕ್ಕೆ ಬೇಕಾಗಿದ್ದು ಮೂರು ಪ್ರಶ್ನೆ, ಒಂದು ಪೆನ್ನು.

ನಮ್ಮ ಹತ್ತಿರ ಪೆನ್ನೂ ಇದೆ, ರಿಜಿಸ್ಟರೂ ಇದೆ. ಹೊಡೆದವರು ಕುಡಿದಿದ್ದರೇ, ಎಲ್ಲಿ ಕುಡಿದರು, ಎಲ್ಲಿ ಕೊಂಡರು, ಎಷ್ಟು ಹೊತ್ತಿಗೆ ಅನ್ನುವ ಪ್ರಶ್ನೆಗಳನ್ನು ಸೇರಿಸಿ. ಹೆಸರಿಲ್ಲದ ತಿಂಗಳ ಲೆಕ್ಕ ತಹಶೀಲ್ದಾರರ ಸಭೆಗೆ ಹೋಗಲಿ, ಅಲ್ಲಿ ಅಬಕಾರಿ ಇನ್‌ಸ್ಪೆಕ್ಟರ್ ಕೂತಿರಲಿ. ಹೆಸರು ಇಲ್ಲ ಅಂತ ಗೊತ್ತಾದರೆ ಬಚ್ಚಲುಮನೆಯಲ್ಲಿ ಬಿದ್ದವಳೂ ಬಾಯಿ ಬಿಟ್ಟಾಳು. ಆಸ್ಪತ್ರೆಯ ರಿಜಿಸ್ಟರ್ ತಮ್ಮ ಇಲಾಖೆಗೆ ಸೇರಿದ್ದಲ್ಲ ಅನ್ನುವುದು ಗೊತ್ತು, ಅದಕ್ಕೇ ಆರೋಗ್ಯ ಸಚಿವರಿಗೂ ಪ್ರತಿ ಕಳಿಸಿದ್ದೇನೆ. ಆದರೆ ಕೇಳಬೇಕಾದವರು ತಾವು. ಮಾರಾಟದ ಲೆಕ್ಕ ಇರುವುದು ತಮ್ಮ ಹತ್ತಿರ. ಎರಡು ಲೆಕ್ಕ ಪಕ್ಕಪಕ್ಕ ಇಟ್ಟರೆ ಮಾತ್ರ ಏನಾದರೂ ಕಾಣುತ್ತದೆ.

ಎರಡನೆಯದು ವಯಸ್ಸು. 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತಿದೆ, 1967ರ ಲೈಸೆನ್ಸ್ ನಿಯಮಗಳಲ್ಲಿ 21 ಅಂತಿದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸಲು ಕರಡು ಬಂತು, ಜನ ಬೈದ ಮೇಲೆ ವಾಪಸ್ ಹೋಯಿತು. ಒಳ್ಳೆಯದಾಯಿತು. ಆದರೆ ವಾಪಸ್ ತೆಗೆದುಕೊಂಡ 21ನ್ನು ಯಾರು ಪಾಲಿಸುತ್ತಿದ್ದಾರೆ? ನಮ್ಮ ಊರಿನ ಕೌಂಟರಿನಲ್ಲಿ ಮೀಸೆ ಚಿಗುರದವನಿಗೂ ಕೊಡುತ್ತಾರೆ. ಸಿಮ್ ಕಾರ್ಡಿಗೆ ಆಧಾರ್ ಕೇಳುವ ನಾಡಿನಲ್ಲಿ ಕ್ವಾರ್ಟರ್‌ಗೆ ವಯಸ್ಸು ಕೇಳುವವರಿಲ್ಲ. ಕಾಯ್ದೆ, ನಿಯಮ ಎರಡರಲ್ಲೂ 21 ಅಂತ ಒಂದೇ ಮಾಡಿ, ಕೌಂಟರಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ, ಎರಡನೇ ಸಲ ಸಿಕ್ಕಿಬಿದ್ದ ಅಂಗಡಿಯ ಷಟರ್ ಒಂದು ವಾರ ಇಳಿಸಿ. ಹಬ್ಬದ ವಾರ ಇಳಿಸಿದರೆ ಇನ್ನೂ ಒಳ್ಳೆಯದು.

ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ, ಡಾಬಾಗಳಲ್ಲಿ ಕದ್ದು ಮಾರುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಗುಟ್ಟು ಅದು. ಆ ಮಾಲೂ ಆಕಾಶದಿಂದ ಉದುರಿದ್ದಲ್ಲ, ಲೈಸೆನ್ಸ್ ಇರುವ ಯಾವುದೋ ಅಂಗಡಿಯಿಂದಲೇ ಬಾಕ್ಸ್‌ಗಟ್ಟಲೆ ಹೋಗಿರುತ್ತದೆ. ಬಾಟಲಿ ಮುಚ್ಚಳದ ಮೇಲಿರುವ ಚೀಟಿ ತಮ್ಮ ಇಲಾಖೆಯದೇ. ಅದರ ಜಾಡು ಹಿಡಿಯುವುದು ಕಷ್ಟವೇ?

ಮೂರನೆಯದು, ಆ ಸಣ್ಣ ಟೆಟ್ರಾ ಪ್ಯಾಕು. ಜೇಬಿಗೆ ಹಾಕಿಕೊಳ್ಳಲು, ಕತ್ತರಿಸಿ ಗಂಟಲಿಗೆ ಸುರಿದುಕೊಳ್ಳಲು ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಬಡವನಿಗೆ ಅಗ್ಗ ಅಂತ ವಾದ ಮಾಡುತ್ತಾರೆ. ಅಗ್ಗವಾದ್ದರಿಂದಲೇ ಹುಡುಗನ ಮೊದಲ ಕುಡಿತ ಅದೇ ಆಗುತ್ತಿದೆ. ಇದನ್ನು ನಿಲ್ಲಿಸಬೇಕೋ, ಬೆಲೆ ಏರಿಸಬೇಕೋ ತಮಗೆ ಬಿಟ್ಟದ್ದು. ಜೊತೆಗೆ ಪ್ರತಿ ಬಾಟಲಿ, ಪ್ಯಾಕಿನ ಮೇಲೆ ಇದರಲ್ಲಿ ಎಷ್ಟು ಸಣ್ಣ ಪೆಗ್ಗು ಇದೆ ಅಂತ ಕನ್ನಡ ಅಂಕಿಯಲ್ಲೇ ಬರಲಿ.

ಕೊನೆಯದು ಚಿಕಿತ್ಸೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುತ್ತಾರೆ. ಒಳ್ಳೆಯ ಕಾರ್ಯಕ್ರಮ, ಬಂದವರಿಗೆ ಉಪಕಾರ ಆಗಿದೆ. ಆದರೆ ತಲೆ ಒಡೆದುಕೊಂಡ ಹುಡುಗ ಬರುವುದು ಭಾನುವಾರ ರಾತ್ರಿ. ಸೋಮವಾರ ಮಧ್ಯಾಹ್ನ ಡಿಸ್ಚಾರ್ಜ್. ಮಂಗಳವಾರ ಅವನು ಮತ್ತೆ ಟ್ರಾನ್ಸ್‌ಫಾರ್ಮರ್ ಮರೆಯಲ್ಲಿರುತ್ತಾನೆ. ಹೊಲಿಗೆ ಹಾಕಿದ ಮಾರನೇ ಬೆಳಗ್ಗೆ, ನಾಚಿಕೆ ಇನ್ನೂ ಹಸಿಯಾಗಿರುವಾಗ, ಅವನ ಪಕ್ಕ ಕೂತು ಇಪ್ಪತ್ತು ನಿಮಿಷ ಮಾತಾಡುವ ಒಬ್ಬ ಆಪ್ತಸಮಾಲೋಚಕರು ತಾಲ್ಲೂಕಿಗೊಬ್ಬರು ಬೇಕು. ಆ ಬೆಳಗ್ಗೆ ಅವರು ಕಿವಿಗೊಟ್ಟು ಕೇಳುತ್ತಾರೆ, ನನ್ನ ಅನುಭವದಲ್ಲಿ ಅದೊಂದೇ ಹೊತ್ತು. 40,000 ಕೋಟಿಯಲ್ಲಿ ಒಬ್ಬರ ಸಂಬಳ ದೊಡ್ಡದಾಗದು.

ಈ ಪತ್ರ ಬಹಿರಂಗವಾಗಿರುವುದರಿಂದ ನಮ್ಮ ಹುಡುಗರ ಮೊಬೈಲಿಗೂ ಬಂದೀತು. ಅವರಿಗೂ ನಾಲ್ಕು ಮಾತು ಹೇಳುತ್ತೇನೆ, ತಮ್ಮ ಅನುಮತಿ ಇದೆ ಅಂದುಕೊಳ್ಳುತ್ತೇನೆ.

ಅಪ್ಪಾ, ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಪ್ರಮಾಣ ಇಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು. ಇಪ್ಪತ್ತೊಂದು ಆಗದವರು ಮುಟ್ಟಲೇಬೇಡಿ. ಆದವರು ಕುಡಿಯುವುದೇ ಆದರೆ ಮೊದಲು ಊಟ ಮಾಡಿ. ಕೂತು ಕುಡಿಯಿರಿ, ನೀರು ಬೆರೆಸಿ, ಎಣಿಸಿಕೊಳ್ಳಿ. ಒಂದು ಸಣ್ಣ ಪೆಗ್ಗು ಕರಗಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನು ಬೆಳಗ್ಗೆ ಐದಕ್ಕೆ ಹಾಲಿನ ಡೈರಿಗೆ ಬೈಕ್ ತೆಗೆದರೆ ಅವನಲ್ಲಿ ಇನ್ನೂ ಮದ್ಯ ಉಳಿದಿರಬಹುದು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಯಾವುದೂ ಇಳಿಸುವುದಿಲ್ಲ. ಕೀ ಯಾರ ಹತ್ತಿರ ಇರಬೇಕು ಅನ್ನುವುದನ್ನು ಕುಡಿಯುವ ಮೊದಲು ತೀರ್ಮಾನ ಮಾಡಿ, ಕುಡಿದ ಮೇಲಲ್ಲ. ಒಂಬತ್ತು ಹೊಲಿಗೆ ಯಾಕೆ ಬಿತ್ತು ಅಂತ ಮೇಲೆ ಓದಿದಿರಲ್ಲ.

ಗೆಳೆಯ ಎಚ್ಚರ ತಪ್ಪಿದರೆ ಅಂಗಾತ ಮಲಗಿಸಬೇಡಿ. ವಾಂತಿ ಶ್ವಾಸಕ್ಕೆ ಹೋಗಿ ಸಾಯುತ್ತಾನೆ, ನಮ್ಮ ಕೈಯಲ್ಲೇ ಹಾಗೆ ಹೋದವರಿದ್ದಾರೆ. ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹುಯ್ಯದೆ, ಬೇಗ ಆಸ್ಪತ್ರೆಗೆ ತನ್ನಿ. ಬೈಯುತ್ತೇವೆ, ಆದರೆ ನೋಡುತ್ತೇವೆ. ಬಿಡಬೇಕು ಅನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಮನೆಯಲ್ಲಿ ಏಟು ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ 181 ಮಹಿಳಾ ಸಹಾಯವಾಣಿ ಇದೆ. ಅತ್ತೆ ಪಕ್ಕದಲ್ಲಿ ಇಲ್ಲದಾಗ ಮಾಡಿ.

ಸಚಿವರೇ, ಆ ಹೆಣ್ಣುಮಗಳು ಮತ್ತೆ ಬಂದಿದ್ದಳು. ಮೊನ್ನೆ, ಮಗುವಿಗೆ ಜ್ವರ ಅಂತ. ಕೈಯ ಬಾಸುಂಡೆ ಮಾಸಿತ್ತು. ಈ ಸಲ ಕುತ್ತಿಗೆಯ ಸುತ್ತ ಸೆರಗು ಬಿಗಿಯಾಗಿ ಹೊದ್ದಿದ್ದಳು, ಮಧ್ಯಾಹ್ನದ ಬಿಸಿಲಿನಲ್ಲಿ. ನಾನು ಕೇಳಲಿಲ್ಲ. ಕೇಳಿ ಎಲ್ಲಿ ಬರೆಯಲಿ?

ಈ ಪತ್ರಕ್ಕೆ ಉತ್ತರ ಕೊಡಬೇಕು ಅನ್ನಿಸಿದರೆ ನನ್ನನ್ನು ಹುಡುಕಿಸುವ ತೊಂದರೆ ಬೇಡ. ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಹೊಸ ಕಾಲಂಗಳ ಸುತ್ತೋಲೆ ಕಳಿಸಿ. ನಮ್ಮ ಆಸ್ಪತ್ರೆಯ ನೋಟಿಸ್ ಬೋರ್ಡಿಗೂ ಬರುತ್ತದೆ, ಅಲ್ಲೇ ಓದಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನೈಟ್ ಡ್ಯೂಟಿಯ ಒಬ್ಬ ಸಿಸ್ಟರ್